ಪಟ್ಟಿ ಗ್ರಾಮಸಭೆಯದು, ಬಿಲ್ಲು ನಿಗಮದ್ದು: ಮನೆ ಹಂಚಿಕೆಯ ಮೇಲೆ ಪಂಚಾಯಿತಿ ಕಣ್ಣಿಡುವುದು ಹೇಗೆ

'ಮನೆ ಬಂದವಂತೆ' ಎಂಬ ಮಾತು ಹಬ್ಬಿದ ದಿನ ಗ್ರಾಮ ಪಂಚಾಯಿತಿ ಕಚೇರಿ ಮುಂದೆ ಜನ ಸೇರುತ್ತಾರೆ. ಹಾಗೆ ಬಂದಿರುವುದು ಒಂದು ಸಂಖ್ಯೆ. ಈ ಸಾಲಿನಲ್ಲಿ ನಿಮ್ಮ ಪಂಚಾಯಿತಿಗೆ ಸರ್ಕಾರದ ಇಂಥ ವಸತಿ ಯೋಜನೆಯಲ್ಲಿ ಇಷ್ಟು ಮನೆ, ಅದರಲ್ಲಿ ಪರಿಶಿಷ್ಟ ಜಾತಿಗೆ ಇಷ್ಟು, ಪಂಗಡಕ್ಕೆ ಇಷ್ಟು, ಅಲ್ಪಸಂಖ್ಯಾತರಿಗೆ ಇಷ್ಟು, ಸಾಮಾನ್ಯಕ್ಕೆ ಇಷ್ಟು ಎಂಬ ಗುರಿ. ಆ ಸಂಖ್ಯೆ ಬೆಂಗಳೂರಿನಿಂದ ಹೊರಟು, ಹಳ್ಳಿಯ ಒಂದು ಹೆಂಚಿನ ಗುಡಿಸಲು ತಾರಸಿ ಮನೆಯಾಗುವವರೆಗೆ ಏಳೆಂಟು ಕೈ ದಾಟುತ್ತದೆ. ಯಾವ ಕೈಯಲ್ಲಿ ಏನು ತಪ್ಪುತ್ತದೆ, ಅದನ್ನು ಪಂಚಾಯಿತಿ ಸದಸ್ಯರೂ ಊರಿನವರೂ ಎಲ್ಲಿ ಹಿಡಿಯಬಹುದು ಎಂಬುದನ್ನು ಒಂದೆಡೆ ಬರೆದಿಡಬೇಕು ಅನ್ನಿಸಿ ಈ ಬರಹ.

ಮೊದಲು, ಈ ಯೋಜನೆಗಳನ್ನು ನಡೆಸುವ ನಿಗಮದ ಸ್ವರೂಪ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾದದ್ದು 2000ರಲ್ಲಿ. ಕಚೇರಿ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿ. ಹೆಸರಿನಲ್ಲಿ 'ಗ್ರಾಮೀಣ' ಇದ್ದರೂ ಪಟ್ಟಣಗಳ ವಸತಿ ಯೋಜನೆಗಳನ್ನೂ ಇದು ನಡೆಸುತ್ತದೆ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳು ರಾಜ್ಯದವು. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗಕ್ಕೂ ಕರ್ನಾಟಕದಲ್ಲಿ ಇದೇ ನೋಡಲ್ ಸಂಸ್ಥೆ, ಅಂದರೆ ಹೊಣೆ ಹೊತ್ತ ಸಂಸ್ಥೆ. ಕಾಗದದ ಮೇಲೆ ಇದು ಸರ್ಕಾರಿ ಒಡೆತನದ ಒಂದು ಕಂಪನಿ. ಲೆಕ್ಕವನ್ನು ಮಹಾಲೇಖಪಾಲರು ನೋಡುತ್ತಾರೆ, ಆಡಳಿತ ಮಂಡಳಿ ವಸತಿ ಇಲಾಖೆಗೆ ಉತ್ತರ ಕೊಡುತ್ತದೆ, ವಿಧಾನಮಂಡಲದ ಸಾರ್ವಜನಿಕ ಉದ್ಯಮಗಳ ಸಮಿತಿ ಕರೆದರೆ ಹೋಗಬೇಕು. ಗ್ರಾಮ ಪಂಚಾಯಿತಿಗೆ ಮಾತ್ರ ಅದು ಕಾನೂನಿನ ಪ್ರಕಾರ ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿಲ್ಲ.

ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಗ್ರಾಮೀಣ ವಸತಿ ಅದರಲ್ಲಿ ಹತ್ತನೆಯದು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮವೂ ಗ್ರಾಮಠಾಣಾ (ಊರಿನ ವಾಸದ ಪ್ರದೇಶ) ವ್ಯಾಪ್ತಿಯ ನಿವೇಶನ ಹಂಚಿಕೆ ಮತ್ತು ಮನೆ, ನಿವೇಶನಗಳ ದಾಖಲೆ ನಿರ್ವಹಣೆಯನ್ನು ಗ್ರಾಮ ಪಂಚಾಯಿತಿಯ ಕೆಲಸಗಳಲ್ಲಿ ಸೇರಿಸಿದೆ. ಆದರೆ ಹಣ, ಫಲಾನುಭವಿಗಳ ವಿವರ ಏರಿಸುವ ತಂತ್ರಾಂಶ, ಗುರಿ ಮೂರೂ ನಿಗಮದ ಹತ್ತಿರ ಇವೆ. ಹಳ್ಳಿ ಮಟ್ಟದಲ್ಲಿ ನಿಗಮಕ್ಕೆ ತನ್ನದೇ ಸಿಬ್ಬಂದಿ ಇಲ್ಲದ ಕಾರಣ ಅದರ ಕೈಕಾಲಾಗಿ ದುಡಿಯುವವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್. ಹೀಗೆ ಪಂಚಾಯಿತಿಯೇ ನಿಗಮದ ಕೆಲಸ ಮಾಡಬೇಕು, ಪಂಚಾಯಿತಿಯೇ ಆ ಕೆಲಸದ ಮೇಲೆ ಕಣ್ಣಿಡಬೇಕು. ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲಿ. ಪಟ್ಟಿಯ ಹೆಸರುಗಳು ತಂತ್ರಾಂಶಕ್ಕೆ ಏರಿದ ಮೇಲೆ ಊರಿನ ಹಿಡಿತ ಬಹಳಷ್ಟು ಸಡಿಲವಾಗುತ್ತದೆ. ಆದ್ದರಿಂದ ಹಿಡಿಯಬೇಕಾದ್ದನ್ನು ಅದಕ್ಕೆ ಮೊದಲೇ, ವಾರ್ಡ್‌ಸಭೆ ಮತ್ತು ಗ್ರಾಮಸಭೆಯಲ್ಲೇ ಹಿಡಿಯಬೇಕು.

ನಡಾವಳಿ ಪುಸ್ತಕ

ರಾಜ್ಯ ಯೋಜನೆಗಳ ಫಲಾನುಭವಿ ಆಯ್ಕೆ ಗ್ರಾಮಸಭೆಯದು. ಅದಕ್ಕೂ ಮುಂಚೆ ಪ್ರತಿ ವಾರ್ಡಿನಲ್ಲಿ ವಾರ್ಡ್‌ಸಭೆ ನಡೆದು ಹೆಸರುಗಳು ಅಲ್ಲಿಂದ ಬರಬೇಕು. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿ, ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಪ್ರತಿ ವಾರ್ಡಿನಿಂದ ಕನಿಷ್ಠ 10 ಜನ ಇರಬೇಕು, ಹಾಜರಾದವರಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಶೇ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಬಹಳ ಕಡೆ ಏನಾಗುತ್ತದೆ? ಸಭೆಗೆ ನಲವತ್ತು ಜನ ಬರುತ್ತಾರೆ, ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಇಪ್ಪತ್ತು ಜನ ಉಳಿಯುತ್ತಾರೆ, ಪಟ್ಟಿ 'ಸಭೆಯ ಅನುಮೋದನೆ ಪಡೆಯಲಾಯಿತು' ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಹಾಜರಿ ಪುಸ್ತಕ ಮಾರನೆಯ ದಿನ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ.

ಹೀಗೆ ಮಾಡಿದ ಪಟ್ಟಿಯನ್ನು ಗುರುತಿಸುವುದು ಕಷ್ಟವಲ್ಲ. ಹಾಜರಿ ಪುಸ್ತಕದಲ್ಲಿ ಒಂದೇ ಬೀದಿಯವರ ಸಹಿಗಳು ಮನೆ ನಂಬರಿನ ಕ್ರಮದಲ್ಲಿ ಸಾಲಾಗಿರುತ್ತವೆ. ಸಭೆಗೆ ಬಂದವರು ಹಾಗೆ ಸಾಲು ನಿಂತು ಸಹಿ ಮಾಡುವುದಿಲ್ಲ. ಸಭೆಯ ತೀರ್ಮಾನ ಬರೆದಿಡುವ ನಡಾವಳಿಯಲ್ಲಿ ಹೆಸರುಗಳ ಪಟ್ಟಿಯ ಕೆಳಗೆ ಎರಡು ಮೂರು ಇಂಚು ಖಾಲಿ ಜಾಗ ಇರುತ್ತದೆ. ಕೆಲವೊಮ್ಮೆ 'ಪಟ್ಟಿ ಲಗತ್ತಿಸಿದೆ' ಎಂದು ಬರೆದಿರುತ್ತದೆ, ಆ ಲಗತ್ತಿನ ಹಾಳೆಗೆ ಪುಟ ಸಂಖ್ಯೆಯೂ ಇಲ್ಲ, ಸಹಿಯೂ ಇಲ್ಲ. ಈ ಲಗತ್ತು ಹಾಳೆಯೇ ಅತಿ ಅಪಾಯದ್ದು. ಅದನ್ನು ಬದಲಿಸಲು ಐದು ನಿಮಿಷ ಸಾಕು.

ಸದಸ್ಯರು ಸಭೆಯಲ್ಲೇ ಪಟ್ಟು ಹಿಡಿಯಬೇಕಾದ್ದು ಇಷ್ಟು. ಹೆಸರುಗಳನ್ನು ಪುಟ ಸಂಖ್ಯೆಯಿರುವ ನಡಾವಳಿ ಪುಸ್ತಕದಲ್ಲೇ ಬರೆಯಬೇಕು. ಪ್ರತಿ ಹೆಸರಿನ ಎದುರು ತಂದೆ ಅಥವಾ ಗಂಡನ ಹೆಸರು, ಪಡಿತರ ಚೀಟಿ ಸಂಖ್ಯೆ, ಈಗಿರುವ ಮನೆಯ ಸ್ಥಿತಿ, ಆದ್ಯತೆಯ ಕ್ರಮಾಂಕ ಇರಬೇಕು. ಕೊನೆಯ ಹೆಸರಾದ ತಕ್ಷಣ ಅಡ್ಡಗೆರೆ ಎಳೆದು 'ಒಟ್ಟು ಇಷ್ಟು ಹೆಸರು ಮಾತ್ರ' ಎಂದು ಅಕ್ಷರದಲ್ಲಿ ಬರೆದು ಅಧ್ಯಕ್ಷರು, ನೋಡಲ್ ಅಧಿಕಾರಿ, ಪಿಡಿಒ ಸಹಿ ಹಾಕಬೇಕು. ಆಕ್ಷೇಪಣೆ ಬಂದರೆ ಹೇಳಿದವರ ಹೆಸರಿನ ಸಮೇತ ಅದೇ ಪುಟದಲ್ಲಿ ದಾಖಲಾಗಬೇಕು. ಸಹಿಯಾದ ಪುಟಗಳ ಫೋಟೊವನ್ನು ಅಲ್ಲೇ, ಜನರೆದುರಿಗೇ, ಪ್ರತಿ ವಾರ್ಡಿನ ಒಬ್ಬರಾದರೂ ತೆಗೆದುಕೊಳ್ಳಲಿ. ಸಭೆಯ ವಿಡಿಯೊ ಮಾಡಿಸಿದರೆ ಪಟ್ಟಿ ಓದುವ ಭಾಗ ಪೂರ್ತಿ ಇರಲಿ, ಹಾರ ಹಾಕುವ ಭಾಗ ಬಿಟ್ಟುಹೋದರೆ ನಷ್ಟವೇನೂ ಇಲ್ಲ. ಆಮೇಲೆ ತಂತ್ರಾಂಶದಲ್ಲಿ ಕಾಣುವ ಹೆಸರುಗಳನ್ನು ಈ ಫೋಟೊ ಜೊತೆ ಒಂದೊಂದಾಗಿ ತಾಳೆ ನೋಡಿದರೆ, ನಡುವೆ ಯಾರು ಬಿದ್ದರು, ಯಾರು ಸೇರಿದರು ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪಡಿತರ ಚೀಟಿ ಸಂಖ್ಯೆಗೆ ನಾನು ಒತ್ತು ಕೊಡುವುದಕ್ಕೆ ಕಾರಣ ಇದೆ. ಒಂದೇ ಕುಟುಂಬ ಎರಡು ಸಲ ಮನೆ ಪಡೆಯುವ ಸಾಮಾನ್ಯ ದಾರಿ, ಹಿಂದೊಮ್ಮೆ ಗಂಡನ ಹೆಸರಿನಲ್ಲಿ, ಈಗ ಹೆಂಡತಿಯ ಹೆಸರಿನಲ್ಲಿ. ಆಧಾರ್ ಒಂದನ್ನೇ ನೋಡಿದರೆ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಹಳೆಯ ಆಶ್ರಯ, ಇಂದಿರಾ ಆವಾಸ್ ಯೋಜನೆಗಳ ಕಾಲದ ಮನೆಗಳ ಬಗ್ಗೆ ಪಂಚಾಯಿತಿಯ ಹಳೆಯ ವಹಿಗಳಲ್ಲೇ ಹುಡುಕಬೇಕು. ಸದಸ್ಯರ ನೆನಪು ಇಲ್ಲಿ ಯಾವ ತಂತ್ರಾಂಶಕ್ಕಿಂತಲೂ ಚುರುಕು.

ಆದಾಯ ಪ್ರಮಾಣ ಪತ್ರ ಮತ್ತೊಂದು ಎಡವಟ್ಟು. ಗ್ರಾಮೀಣ ಫಲಾನುಭವಿಗೆ ಹಿಂದೆ ವಾರ್ಷಿಕ 32,000 ರೂಪಾಯಿ ಇದ್ದ ಮಿತಿಯನ್ನು ಆಮೇಲೆ 1.20 ಲಕ್ಷಕ್ಕೆ ಏರಿಸಲಾಯಿತು. ಹಳೆಯ ಮಿತಿಯ ಕಾಲದಲ್ಲಿ 'ಅನರ್ಹ' ಎಂದು ತಳ್ಳಿಹಾಕಿದ ಹೆಸರುಗಳನ್ನು ಹೊಸ ಮಿತಿಗೆ ಮತ್ತೆ ಹಚ್ಚಿ ನೋಡಿದ ಪಂಚಾಯಿತಿಗಳು ಕಡಿಮೆ. ಆ ಹಳೆಯ ಪಟ್ಟಿ ತೆಗೆದು ಮರುಪರಿಶೀಲನೆ ಮಾಡಿ ಎಂದು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಒಂದು ನಿರ್ಣಯ ಮಾಡಬಹುದು.

ಕೇಂದ್ರದ ಪಟ್ಟಿಯ ಲೆಕ್ಕವೇ ಬೇರೆ

ಆವಾಸ್ ಯೋಜನೆಯಲ್ಲಿ ಗ್ರಾಮಸಭೆಗೆ ಹೊಸ ಹೆಸರು ಸೇರಿಸುವ ಅಧಿಕಾರ ಇಲ್ಲ. ಇದು ಗೊತ್ತಿಲ್ಲದೆ ಸದಸ್ಯರು ಜನರಿಗೆ ಮಾತು ಕೊಟ್ಟು ಸಿಕ್ಕಿಬೀಳುತ್ತಾರೆ. 2016ರಲ್ಲಿ ಯೋಜನೆ ಶುರುವಾದಾಗ ಆಧಾರವಾದದ್ದು 2011ರ ಸಾಮಾಜಿಕ-ಆರ್ಥಿಕ-ಜಾತಿ ಗಣತಿ. ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆ ಶುರುವಾಯಿತು, 2024ರ ನಂತರ ಹೊಸ ಆ್ಯಪ್‌ನಲ್ಲಿ ಮತ್ತೊಮ್ಮೆ ಸಮೀಕ್ಷೆ. ಗ್ರಾಮಸಭೆ ಮಾಡಬಹುದಾದ್ದು ಮೂರು: ಅನರ್ಹರನ್ನು ಕಾರಣ ಬರೆದು ಕೈಬಿಡುವುದು, ಸಮಾನ ಅಂಕ ಇರುವವರ ನಡುವೆ ಆದ್ಯತೆ ಹೇಳುವುದು, ಬಿಟ್ಟುಹೋದ ಅರ್ಹರ ಪ್ರತ್ಯೇಕ ಪಟ್ಟಿಯನ್ನು ಕಾರಣ ಸಮೇತ ಮೇಲಕ್ಕೆ ಕಳಿಸುವುದು. ಮೂರನೆಯದನ್ನು ಮಾಡುವ ಗ್ರಾಮಸಭೆಗಳನ್ನು ಬೆರಳಲ್ಲಿ ಎಣಿಸಬಹುದು. ಕೈಬಿಟ್ಟವರಿಗೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿ ಇದೆ. ಅದನ್ನು ಗ್ರಾಮಸಭೆಯಲ್ಲೇ ಗಟ್ಟಿಯಾಗಿ ಹೇಳಬೇಕು.

ಕೈಬಿಡುವ ಮಾನದಂಡಗಳು ಮೊದಲು 13 ಇದ್ದವು, 2024ರಲ್ಲಿ 10ಕ್ಕೆ ಇಳಿದವು. ದ್ವಿಚಕ್ರ ವಾಹನ, ಫ್ರಿಜ್, ಸ್ಥಿರ ದೂರವಾಣಿ ಇದ್ದವರು ಈಗ ಹೊರಗಾಗುವುದಿಲ್ಲ. ಕುಟುಂಬದಲ್ಲಿ ಒಬ್ಬರು ತಿಂಗಳಿಗೆ 10,000 ಗಳಿಸಿದರೆ ಹೊರಗೆ ಎಂದಿದ್ದದ್ದು 15,000ಕ್ಕೆ ಏರಿದೆ. ಎರಡೂವರೆ ಎಕರೆ ನೀರಾವರಿ ಅಥವಾ ಐದು ಎಕರೆ ಖುಷ್ಕಿ ಜಮೀನು, ಇಲ್ಲವೇ ಅದಕ್ಕಿಂತ ಹೆಚ್ಚು ಇದ್ದರೆ ಅನರ್ಹ. ಮೂರು ಅಥವಾ ನಾಲ್ಕು ಚಕ್ರದ ವಾಹನ, ಸರ್ಕಾರಿ ನೌಕರಿ, ಆದಾಯ ತೆರಿಗೆ ಇವೆಲ್ಲ ಹಾಗೆಯೇ ಇವೆ. ಇವುಗಳಲ್ಲಿ ನಮ್ಮ ಕಡೆ ಬಡವರನ್ನೇ ಹೊಡೆಯುವ ಮಾನದಂಡ ಒಂದಿದೆ: 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್. ಸೊಸೈಟಿಯಲ್ಲಿ ಬೆಳೆಸಾಲ ತೆಗೆದ ಎರಡು ಎಕರೆಯ ರೈತನೂ ಈ ಮಿತಿ ದಾಟಿಬಿಡುತ್ತಾನೆ. ಸಾಲ ಇದೆ ಎಂಬ ಕಾರಣಕ್ಕೆ ಅವನು ಸ್ಥಿತಿವಂತ ಎಂದು ಲೆಕ್ಕಕ್ಕೆ ಬರುತ್ತಾನೆ. ಈ ನಿಯಮ ಬದಲಾಗಬೇಕು ಎಂದು ಗ್ರಾಮಸಭೆಗಳು ಬರೆದು ಕಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬದಲಾಗುವವರೆಗೆ, ಸಮೀಕ್ಷೆಯವರು ಬಂದಾಗ ಕಾರ್ಡಿನ ಮಂಜೂರಾದ ಮಿತಿ ಎಷ್ಟು ಎಂಬುದನ್ನು ಪಾಸ್‌ಬುಕ್ ನೋಡಿಯೇ ಹೇಳಲಿ. ಅಂದಾಜಿನಲ್ಲಿ ಹೇಳಿದ ಒಂದು ಸಂಖ್ಯೆಗೆ ಮನೆ ಹೋಗುತ್ತದೆ.

ಗುರಿ ಹಂಚುವವರು ಯಾರು?

ಇಡೀ ಸರಪಳಿಯಲ್ಲಿ ಪಂಚಾಯಿತಿಯ ಕಣ್ಣಿಗೆ ಬೀಳದ ಕೊಂಡಿ ಇದು. ಆಯ್ಕೆ ಗ್ರಾಮಸಭೆಯದಾದರೂ ಯಾವ ಪಂಚಾಯಿತಿಗೆ ಎಷ್ಟು ಮನೆ ಎಂಬ ತೀರ್ಮಾನ ಮೇಲಿನದು. ವಸತಿರಹಿತರ ಪಟ್ಟಿಯಲ್ಲಿ ಮುನ್ನೂರು ಹೆಸರಿರುವ ಪಂಚಾಯಿತಿಗೆ ಹತ್ತು ಮನೆ, ಎಂಬತ್ತು ಹೆಸರಿರುವ ಪಂಚಾಯಿತಿಗೆ ಐವತ್ತು ಮನೆ ಬಂದರೆ ಅದಕ್ಕೆ ಕಾರಣ ಕೇಳುವ ವೇದಿಕೆ ಪಂಚಾಯಿತಿಗೆ ಇಲ್ಲ. 2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲ್ ಅವರ ಫೋನ್ ಸಂಭಾಷಣೆ ಹೊರಬಂತು. ಹಣ ಕೊಟ್ಟ ಪಂಚಾಯಿತಿಗಳಿಗೆ ಮನೆ ಮಂಜೂರಾಗುತ್ತಿದೆ ಎಂದು ಆಡಳಿತ ಪಕ್ಷದ ಶಾಸಕರೇ ಮಾಡಿದ ಆ ಆರೋಪ ರಾಜ್ಯವಿಡೀ ಚರ್ಚೆಯಾಯಿತು. ಆರೋಪದ ನಿಜಾನಿಜ ತನಿಖೆಗೆ ಬಿಟ್ಟದ್ದು. ಆದರೆ ಅಂಥ ಅನುಮಾನಕ್ಕೆ ಜಾಗ ಇದೆ ಎಂಬುದೇ ವ್ಯವಸ್ಥೆಯ ದೋಷ. ವಸತಿರಹಿತರ ಸಂಖ್ಯೆಗೆ ಅನುಪಾತವಾಗಿ ಗುರಿ ಹಂಚಿ, ತಾಲ್ಲೂಕಿನ ಎಲ್ಲ ಪಂಚಾಯಿತಿಗಳ ಗುರಿಯನ್ನು ಒಂದೇ ಹಾಳೆಯಲ್ಲಿ ಪ್ರತಿ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಚ್ಚಿದರೆ ಈ ಅನುಮಾನ ಅಲ್ಲಿಗೇ ತೀರುತ್ತದೆ. ಆ ಹಾಳೆಯನ್ನು ಕೇಳಿ. ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಹತ್ತಿರ ಅದು ಇರುತ್ತದೆ.

ಪಟ್ಟಣಗಳಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಆಯ್ಕೆ ಮಾಡುತ್ತದೆ. ಅಲ್ಲಿ ಗ್ರಾಮಸಭೆಯಂಥ ಬಯಲು ಸಭೆಯೇ ಇಲ್ಲದ ಕಾರಣ ಕೌನ್ಸಿಲರ್‌ಗಳ ಹೊಣೆ ಇನ್ನೂ ಹೆಚ್ಚು. ಅದು ಬೇರೆಯೇ ಬರಹ ಬೇಡುವ ವಿಷಯ.

ಕಾರ್ಯಾದೇಶಕ್ಕೆ ಮುಂಚೆ ಜಾಗದ ಕಾಗದ

ಆಯ್ಕೆಯಾದ ಮೇಲೂ ಮನೆ ಕೈತಪ್ಪುವುದು ಬಹುತೇಕ ಜಾಗದ ದಾಖಲೆಯಿಂದ. ತಾತನ ಹೆಸರಿನಲ್ಲಿರುವ ಜಾಗ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು, ಗೋಮಾಳದಲ್ಲಿ ಕಟ್ಟಿಕೊಂಡ ಗುಡಿಸಲು, ಕಂದಾಯ ಗ್ರಾಮವಾಗದ ತಾಂಡಾ. ಗ್ರಾಮಠಾಣಾ ಒಳಗಿನ ಜಾಗಕ್ಕೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡು ವಾಸವಿರುವ ಗ್ರಾಮೀಣ ಕುಟುಂಬಕ್ಕೆ ಭೂಕಂದಾಯ ಕಾಯ್ದೆಯ 94ಸಿ ಅಡಿ, ದಾಖಲೆಯಿಲ್ಲದ ತಾಂಡಾ, ಹಟ್ಟಿಗಳಿಗೆ 94ಡಿ ಅಡಿ ಹಕ್ಕುಪತ್ರದ ದಾರಿ ಇದೆ, ಅದಕ್ಕೆ ತಹಶೀಲ್ದಾರರ ಕಚೇರಿಗೆ ಹೋಗಬೇಕು. ಇದೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಮನೆಯ ಕೆಲಸ ನಿಗದಿತ ಅವಧಿಯೊಳಗೆ ಶುರುವಾಗದಿದ್ದರೆ ತಂತ್ರಾಂಶ ಆ ಮನೆಯನ್ನು ಬ್ಲಾಕ್ ಮಾಡುತ್ತದೆ.

ಹಾಗಾಗಿ ಜಾಣತನ ಏನೆಂದರೆ, ಗುರಿ ಬರುವುದನ್ನು ಕಾಯದೆ ವಸತಿರಹಿತರ ಪಟ್ಟಿಯನ್ನು ಈಗಲೇ ಮೂರು ಭಾಗ ಮಾಡಿಟ್ಟುಕೊಳ್ಳುವುದು: ದಾಖಲೆ ಸಿದ್ಧ ಇರುವವರು, ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಅಥವಾ ವಿಭಾಗ ಆಗಬೇಕಾದವರು, ಜಾಗವೇ ಇಲ್ಲದವರು. ಎರಡನೇ ಗುಂಪಿನ ಅರ್ಜಿಗಳನ್ನು ಪಂಚಾಯಿತಿ ಒಂದು ದಿನ ಕ್ಯಾಂಪ್ ಮಾಡಿ ಒಟ್ಟಿಗೆ ತೆಗೆದುಕೊಂಡರೆ ಅರ್ಧ ಕೆಲಸ ಆದಂತೆ. ಆದರೆ ಎಚ್ಚರ: 'ದಾಖಲೆ ಸಿದ್ಧ ಇದೆ' ಎಂಬುದು ಆದ್ಯತೆಯ ಅಳತೆ ಆಗಕೂಡದು. ಹಾಗಾದರೆ ಪ್ರತಿ ವರ್ಷ ಮನೆ ಸಿಗುವುದು ಕಾಗದ ಇರುವವರಿಗೆ, ಕಾಗದ ಇಲ್ಲದ ಕಡುಬಡವರು ಪಟ್ಟಿಯ ತಳದಲ್ಲೇ ಉಳಿಯುತ್ತಾರೆ.

ನಾಲ್ಕು ಫೋಟೊ

ನಿಗಮ ಮನೆಯನ್ನು ನೋಡುವುದು ಫೋಟೊದಲ್ಲಿ. ತಳಪಾಯ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ), ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ಪ್ರತಿ ಹಂತದಲ್ಲೂ ಪಂಚಾಯಿತಿ ಸಿಬ್ಬಂದಿ ಸ್ಥಳಕ್ಕೆ ಹೋಗಿ ಫಲಾನುಭವಿಯನ್ನು ನಿಲ್ಲಿಸಿ ಆ್ಯಪ್‌ನಲ್ಲಿ ಫೋಟೊ ತೆಗೆಯುತ್ತಾರೆ. ಅಕ್ಷಾಂಶ ರೇಖಾಂಶ ಅದರೊಳಗೇ ಸೇರುತ್ತದೆ. ಊರಲ್ಲಿ ಇದಕ್ಕೆ 'ಜಿಪಿಎಸ್ ಮಾಡಿಸೋದು' ಎನ್ನುತ್ತಾರೆ. ಫೋಟೊ ತಾಲ್ಲೂಕು ಮಟ್ಟದ ಒಪ್ಪಿಗೆ ದಾಟಿದ ಮೇಲೆ ಕಂತಿನ ಹಣ ನೇರ ಖಾತೆಗೆ ಹೋಗುತ್ತದೆ. ಬಸವ ವಸತಿಯಲ್ಲಿ ಗ್ರಾಮೀಣ ಸಾಮಾನ್ಯ ವರ್ಗಕ್ಕೆ ಒಟ್ಟು ಸಹಾಯಧನ 1.20 ಲಕ್ಷ, ಅಂಬೇಡ್ಕರ್ ನಿವಾಸದಲ್ಲಿ ಗ್ರಾಮೀಣ ಪರಿಶಿಷ್ಟರಿಗೆ 1.75 ಲಕ್ಷ. ಆವಾಸ್ ಯೋಜನೆಯಲ್ಲಿ 1.20 ಲಕ್ಷ, ಅದರಲ್ಲಿ ಕೇಂದ್ರದ ಪಾಲು 72,000, ರಾಜ್ಯದ್ದು 48,000. ಜೊತೆಗೆ ಉದ್ಯೋಗ ಖಾತ್ರಿಯಿಂದ 90 ಮಾನವ ದಿನಗಳ ಕೂಲಿ. 2025–26ರ 370 ರೂಪಾಯಿ ದರದಲ್ಲಿ ಅದು 33,300 ಆಗುತ್ತದೆ. ಶೌಚಾಲಯಕ್ಕೆ ಸ್ವಚ್ಛ ಭಾರತದಿಂದ 12,000.

ಈ ಕೂಲಿಯ 33,300 ರೂಪಾಯಿಯನ್ನು ಬಹಳ ಕುಟುಂಬಗಳು ಕಳೆದುಕೊಳ್ಳುತ್ತವೆ. ಕಾರಣ ಸರಳ. ಉದ್ಯೋಗ ಚೀಟಿ ಬೇರೆಯವರ ಹೆಸರಿನಲ್ಲಿರುತ್ತದೆ, ಅಥವಾ ತಳಪಾಯ ಆದ ಮೇಲೆ ಎನ್‌ಎಂಆರ್ (ಕೂಲಿಗಾರರ ಹಾಜರಿ ಪಟ್ಟಿ) ತೆಗೆಸಲು ಹೋಗುತ್ತಾರೆ. ಕೆಲಸ ಆಗಿಹೋದ ದಿನಗಳಿಗೆ ಎನ್‌ಎಂಆರ್ ತೆಗೆಯಲು ಬರುವುದಿಲ್ಲ. ಕಾರ್ಯಾದೇಶ, ಅಂದರೆ ಮನೆ ಕಟ್ಟಲು ಕೊಡುವ ಆದೇಶ ಪತ್ರ, ಕೈಗೆ ಬಂದ ದಿನವೇ ಕೆಲಸದ ಅರ್ಜಿ ಕೊಡಬೇಕು. ಮಂಜೂರಾದ ಮನೆಗಳ ಸಂಖ್ಯೆ ಮತ್ತು ಕೂಲಿ ಪೂರ್ತಿ ಪಡೆದ ಮನೆಗಳ ಸಂಖ್ಯೆ ಎರಡನ್ನೂ ಮಾಸಿಕ ಸಭೆಯಲ್ಲಿ ಅಕ್ಕಪಕ್ಕ ಇಟ್ಟು ಕೇಳಿದರೆ ಪಿಡಿಒ ಎಚ್ಚೆತ್ತುಕೊಳ್ಳುತ್ತಾರೆ.

ಫೋಟೊದಲ್ಲಿ ಮೋಸ ಎಲ್ಲಿ? ಇರುವ ಹಳೆಯ ಮನೆಗೆ ಮುಂಭಾಗ ಸುಣ್ಣ ಬಳಿದು 'ಪೂರ್ಣ' ಎಂದು ತೋರಿಸುವುದು, ಮಗನ ಹೊಸ ಮನೆಯನ್ನು ತಾಯಿಯ ಮನೆಯೆಂದು ತೋರಿಸುವುದು, ಒಂದೇ ತಳಪಾಯವನ್ನು ಎರಡು ದಿಕ್ಕಿನಿಂದ ತೆಗೆದು ಇಬ್ಬರ ಹೆಸರಿಗೆ ಹಾಕುವುದು. ಜಿಪಿಎಸ್ ಅಂಕಿ ಅಕ್ಕಪಕ್ಕದ ಮನೆಗಳಿಗೆ ಹೆಚ್ಚುಕಡಿಮೆ ಒಂದೇ ಬರುವುದರಿಂದ ಯಂತ್ರ ಇದನ್ನು ಹಿಡಿಯದೇ ಹೋಗಬಹುದು. ತಳಪಾಯದ ಫೋಟೊದಲ್ಲಿ ಪಕ್ಕದ ಮನೆ, ಬೇವಿನ ಮರ, ಕಂಬ ಹೀಗೆ ಅಲುಗಾಡದ ಒಂದು ಗುರುತು ಬರಬೇಕು, ಮುಂದಿನ ಮೂರು ಫೋಟೊಗಳಲ್ಲೂ ಅದೇ ಗುರುತು ಕಾಣಬೇಕು ಎಂದು ಪಂಚಾಯಿತಿ ನಿರ್ಣಯ ಮಾಡಿದರೆ ಕಣ್ಣಿನಲ್ಲೇ ಹೋಲಿಸಬಹುದು.

ಮೋಸಕ್ಕಿಂತ ಹೆಚ್ಚು ನೋವು ಕೊಡುವುದು ವಿಳಂಬ. ಲಿಂಟಲ್ ಮಟ್ಟಕ್ಕೆ ಬಂದು ಫೋಟೊಗಾಗಿ ಮೂರು ವಾರ ಕಾದ ಕುಟುಂಬ ಕೈಸಾಲದ ಬಡ್ಡಿ ಕಟ್ಟುತ್ತಿರುತ್ತದೆ. ಫೋಟೊ ತೆಗೆಯಲು ಹಣ ಕೇಳುವುದು ಇಲ್ಲೇ ನಡೆಯುವುದು. ಇದಕ್ಕೆ ಮದ್ದು ಒಂದು ವಹಿ. ಫಲಾನುಭವಿ 'ಹಂತ ಮುಗಿಯಿತು' ಎಂದು ಹೇಳಿದ ದಿನಾಂಕ, ಫೋಟೊ ತೆಗೆದ ದಿನಾಂಕ, ತಾಲ್ಲೂಕಿನಲ್ಲಿ ಒಪ್ಪಿದ ದಿನಾಂಕ, ಹಣ ಜಮೆಯಾದ ದಿನಾಂಕ ಎಂದು ನಾಲ್ಕು ಕಲಂ. ತಡ ಪಂಚಾಯಿತಿಯದೋ ತಾಲ್ಲೂಕಿನದೋ ನಿಗಮದ್ದೋ ಎಂಬುದನ್ನು ಆ ವಹಿಯೇ ಹೇಳುತ್ತದೆ. 'ಬೆಂಗಳೂರಿನಲ್ಲಿ ಪೆಂಡಿಂಗ್' ಎಂಬ ಉತ್ತರ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ನಿಗಮದ ಆಶ್ರಯ ಜಾಲತಾಣದಲ್ಲಿ ಜಿಲ್ಲೆ ಆರಿಸಿ ಫಲಾನುಭವಿಯ ಕೋಡ್ ಹಾಕಿದರೆ ಸಾಕು, ಹಂತ ಮತ್ತು ಪಾವತಿ ಕಾಣುತ್ತದೆ. ಆ ಕೋಡ್ ಕಾರ್ಯಾದೇಶದ ಮೇಲೆ ಇರುತ್ತದೆ. ಪ್ರತಿ ಫಲಾನುಭವಿ ಅದನ್ನು ಪಡಿತರ ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಲಿ.

'ಹಣ ಜಮೆಯಾಗಿದೆ' ಎಂದು ತಂತ್ರಾಂಶ ಹೇಳುತ್ತದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಇದು ಬಹಳ ಸಲ ಕಳವಾಗಿರುವುದಿಲ್ಲ. ಆಧಾರ್ ಆಧಾರಿತ ಪಾವತಿ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಸ್ವಸಹಾಯ ಸಂಘಕ್ಕೋ ಸಾಲಕ್ಕೋ ತೆರೆದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ ಹಣ ಕೂತಿರುತ್ತದೆ. ಕೆಲವೊಮ್ಮೆ ಆ ಖಾತೆಯಲ್ಲಿ ಹಳೆಯ ಸಾಲ ಇದ್ದು ಬ್ಯಾಂಕು ಮನೆಯ ಹಣವನ್ನು ಅದಕ್ಕೆ ಮುರಿದುಕೊಳ್ಳುತ್ತದೆ. ಆಗ ಪಂಚಾಯಿತಿ ಪತ್ರ ಬರೆದು ಸಹಾಯಧನವನ್ನು ಬಿಡುಗಡೆ ಮಾಡಿಸಲು ಲೀಡ್ ಬ್ಯಾಂಕ್ ವ್ಯವಸ್ಥಾಪಕರವರೆಗೆ ಹೋಗಬೇಕಾಗುತ್ತದೆ. ಕಾರ್ಯಾದೇಶಕ್ಕೆ ಮುಂಚೆಯೇ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ವಿಚಾರಿಸಿಕೊಂಡರೆ ಈ ಓಡಾಟ ತಪ್ಪುತ್ತದೆ.

ಫೋಟೊಗೆ ಕಾಣದ ಗೋಡೆ

ನಾಲ್ಕು ಫೋಟೊ ಮನೆ ಇದೆ ಎಂದು ಹೇಳುತ್ತವೆ, ಗಟ್ಟಿ ಇದೆ ಎಂದು ಹೇಳುವುದಿಲ್ಲ. ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಗೋಡೆಯ ದಪ್ಪ, ಚಾಚು ಸೇರಿ ಛಾವಣಿ ಸುಮಾರು 30 ಚದರ ಮೀಟರ್ ಬರುತ್ತದೆ. ನಾಲ್ಕೂವರೆ ಇಂಚು ದಪ್ಪಕ್ಕೆ 3.4 ಘನ ಮೀಟರ್ ಕಾಂಕ್ರೀಟ್. ಒಂದು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಮೂಟೆ ಹಿಡಿದರೆ ಛಾವಣಿಯೊಂದಕ್ಕೇ 27–28 ಮೂಟೆ ಸಿಮೆಂಟ್ ಬೇಕು. ಛಾವಣಿ ಹಾಕುವ ದಿನ ಸ್ಥಳದಲ್ಲಿ ಇಪ್ಪತ್ತು ಮೂಟೆ ಮಾತ್ರ ಕಂಡರೆ ಆ ಮನೆ ಸೋರುತ್ತದೆ ಎಂದು ಅಂದೇ ಹೇಳಬಹುದು. ಕಂಬಿಯ ಕೆಳಗೆ 20 ಮಿ.ಮೀ. ದಪ್ಪದ ಸಿಮೆಂಟ್ ಬಿಲ್ಲೆ ಇಟ್ಟಿರಬೇಕು. ಅದಿಲ್ಲದೆ ಕಂಬಿ ಹಲಗೆಗೆ ತಾಗಿಕೊಂಡರೆ ನಾಲ್ಕೈದು ಮಳೆಗಾಲದಲ್ಲಿ ತುಕ್ಕು ಹಿಡಿದು ಕೆಳಗಿನ ಗಾರೆ ಉದುರುತ್ತದೆ. ನೀರು ಕಟ್ಟಿ ನಿಲ್ಲಿಸುವುದು ಕನಿಷ್ಠ 10 ದಿನ, ಬಯಲುಸೀಮೆಯ ಬಿಸಿಲಿಗೆ ಎರಡು ವಾರ.

ಎರೆಮಣ್ಣಿನ ಊರುಗಳ ಪಾಡು ಇನ್ನೂ ಕಷ್ಟ. ಕಲಬುರಗಿ, ವಿಜಯಪುರ, ಗದಗದ ಕಪ್ಪು ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕು ಇಳಿಯುವ ಆಳ ದಾಟಿ, ಸುಮಾರು ಐದು ಅಡಿಯಾದರೂ ಬುನಾದಿ ಹೋಗಬೇಕು, ಅಗೆದ ಕಂದಕಕ್ಕೆ ಅದೇ ಎರೆ ತುಂಬದೆ ಮರಳು ಅಥವಾ ಗರಸು ತುಂಬಬೇಕು. ಕೆಂಪು ಮಣ್ಣಿನ ಕೋಲಾರದಲ್ಲಿ ಎರಡು ಮೂರು ಅಡಿಗೆ ಗಟ್ಟಿ ನೆಲ ಸಿಗುತ್ತದೆ. ಸಹಾಯಧನ ಮಾತ್ರ ಎರಡೂ ಕಡೆ ಒಂದೇ. ಎರೆಭೂಮಿಯ ಫಲಾನುಭವಿಯ ಮೊದಲ ಕಂತು ನೆಲದೊಳಗೇ ಹೂತುಹೋಗುತ್ತದೆ, ಇಲ್ಲವೇ ಬುನಾದಿ ಮೇಲೆ ಮೇಲೆ ಹಾಕಿ ಮೂರನೇ ವರ್ಷಕ್ಕೆ ಗೋಡೆ ಸೀಳುತ್ತದೆ. ಎರೆಮಣ್ಣಿಗೆ ಹೆಚ್ಚುವರಿ ಬುನಾದಿ ವೆಚ್ಚ ಕೊಡಬೇಕೆಂದು ಆ ಭಾಗದ ಪಂಚಾಯಿತಿಗಳು ಒಟ್ಟಾಗಿ ನಿರ್ಣಯ ಮಾಡಿ ಕಳಿಸುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಆವಾಸ್ ಯೋಜನೆಯಲ್ಲಿ ಗುತ್ತಿಗೆದಾರರಿಗೆ ಅವಕಾಶವಿಲ್ಲ, ಫಲಾನುಭವಿಯೇ ಕಟ್ಟಿಸಬೇಕು. ಆದರೂ 'ಪಾಸ್‌ಬುಕ್ ಕೊಡಿ, ಮನೆ ಕಟ್ಟಿ ಕೊಡ್ತೀವಿ' ಎಂದು ಬರುವವರು ಇದ್ದಾರೆ. ಒಂದೇ ಓಣಿಯಲ್ಲಿ ಹತ್ತು ಮನೆ ಒಂದೇ ನಕ್ಷೆ, ಒಂದೇ ಬಣ್ಣದಲ್ಲಿ ಎದ್ದರೆ ಸದಸ್ಯರು ಅಲ್ಲಿಗೆ ಹೋಗಿ ಪಾಸ್‌ಬುಕ್ ಯಾರ ಹತ್ತಿರ ಇದೆ ಎಂದು ಕೇಳಲಿ.

ಬ್ಲಾಕ್ ಆದ ಮನೆ, ತೀರಿಕೊಂಡ ಫಲಾನುಭವಿ

ಬ್ಲಾಕ್ ಆದ ಮನೆ ಎಂದರೆ ಹೋದ ಮನೆ ಎಂದು ಕೈಬಿಡಬಾರದು. ಈಗಿನ ಹಂತದ ಫೋಟೊ, ತಡಕ್ಕೆ ಕಾರಣ, ಪಂಚಾಯಿತಿ ನಿರ್ಣಯ ಸೇರಿಸಿ ಇಒ ಮೂಲಕ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ನಿಗಮಕ್ಕೆ ಪ್ರಸ್ತಾವ ಹೋಗಬೇಕು. ನಡುವೆ ಫಲಾನುಭವಿ ತೀರಿಕೊಂಡರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಹೊಸಬರ ಆಧಾರ್ ಮತ್ತು ಪಾಸ್‌ಬುಕ್ ಸೇರಿಸಿ ಅದೇ ದಾರಿಯಲ್ಲಿ ಹೆಸರು ಬದಲಾವಣೆ ಕೇಳಬೇಕು. ಇಂಥ ಕಡತಗಳು ತಾಲ್ಲೂಕಿನಲ್ಲಿ ಒಂದೊಂದೇ ಹೋದರೆ ಮೂಲೆ ಸೇರುತ್ತವೆ. ಒಂದೇ ಪಟ್ಟಿಯಲ್ಲಿ, ಪ್ರತಿ ಹೆಸರಿಗೆ ಕೋಡ್ ಮತ್ತು ಬ್ಲಾಕ್ ಆದ ದಿನಾಂಕ ಹಾಕಿ, ಒಂದೇ ಪತ್ರದಲ್ಲಿ ಕಳಿಸಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಕೇಳುವ ವೇದಿಕೆಗಳು ಇವೆ. ಪಂಚಾಯಿತಿಯ ಮಾಸಿಕ ಸಭೆ ಮತ್ತು ಪಂಚಾಯಿತಿ ಮಟ್ಟದ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆ, ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ ಸಭೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ ಹಿಂದಿನ ಸಾಲಿನ ಲೆಕ್ಕ, ಕಾಮಗಾರಿಗಳನ್ನು ಜನರೆದುರು ಇಡಬೇಕು. ವಸತಿ ಹಣ ಪಂಚಾಯಿತಿ ಖಾತೆಗೆ ಬರುವುದಿಲ್ಲ ಎಂದು ಹೇಳಿ ಮನೆಗಳ ವಿವರ ಬಿಟ್ಟುಬಿಡುವ ರೂಢಿ ಇದೆ, ಅದಕ್ಕೆ ಒಪ್ಪಬೇಡಿ. ಆವಾಸ್ ಮನೆಗಳಿಗೆ ವರ್ಷಕ್ಕೊಮ್ಮೆ ಸಾಮಾಜಿಕ ಪರಿಶೋಧನೆ ನಡೆಯಬೇಕು. ಪರಿಶೋಧನಾ ತಂಡ ಮನೆ ಮನೆಗೆ ಬಂದಾಗ ಕಾರ್ಯಾದೇಶ, ಪಾಸ್‌ಬುಕ್ ಎರಡನ್ನೂ ತೋರಿಸುವಂತೆ ಮುಂಚೆಯೇ ಹೇಳಿಡಿ.

ಇದ್ಯಾವುದಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. 'ಎಲ್ಲಾ ವಸತಿ ಯೋಜನೆಗಳ ಸಂಪೂರ್ಣ ಮಾಹಿತಿ ಕೊಡಿ' ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ತಾಲ್ಲೂಕು ಪಂಚಾಯಿತಿಗೆ ಹೀಗೆ ಬರೆಯಿರಿ: 'ಇಂಥ ಸಾಲಿನಲ್ಲಿ ಬಸವ ವಸತಿ ಯೋಜನೆಯಡಿ ಈ ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯಿತಿಗೆ ನಿಗದಿಯಾದ ಗುರಿಯ ಆದೇಶದ ದೃಢೀಕೃತ ಪ್ರತಿ.' ಗ್ರಾಮ ಪಂಚಾಯಿತಿಗೆ ಬೇರೆ ಅರ್ಜಿ: 'ಇಂಥ ದಿನಾಂಕದ ಗ್ರಾಮಸಭೆಯ ಹಾಜರಿ ಪುಸ್ತಕ ಹಾಗೂ ಫಲಾನುಭವಿ ಆಯ್ಕೆಯ ನಡಾವಳಿ ಪುಟಗಳ, ಲಗತ್ತುಗಳ ಸಮೇತ, ದೃಢೀಕೃತ ಪ್ರತಿ.' 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪ್ರತಿ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಲಗತ್ತು ಹಾಳೆಯ ಪುಟ ಸಂಖ್ಯೆ ಮತ್ತು ಅದರ ಮೇಲಿನ ಸಹಿ.